ಅವ್ವನ ಅಳತೆಯ ಕುರ್ಚಿ

ಅವ್ವನಿಗೆ ಮಂಡಿನೋವು ಶುರುವಾದ ವರ್ಷ ಅವಳಿಗೊಂದು ಕುರ್ಚಿ ಮಾಡಿದೆ. ಅವಳ ಕಾಲಿನಳತೆಗೆ ತಗ್ಗಾದ ಪೀಠ, ಊಟದ ತಟ್ಟೆ ಇಡುವಷ್ಟು ಅಗಲದ ಕೈಗಳು, ಬೆನ್ನಿಗೆ ನೇರ ಪಟ್ಟಿಗಳು. ಕೆತ್ತನೆ ಇಲ್ಲ, ಮೊಳೆ ಒಂದೂ ಇಲ್ಲ. ಕೀಲು ಸೇರಿಸಿ ಮರದ ಬೆಣೆ ಹೊಡೆದದ್ದು. ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಅನ್ನುತ್ತಾರಲ್ಲ, ಆ ಹಳೇ ಇಂಗ್ಲಿಷ್ ಶೈಲಿ. ಮೈಸೂರಿನಲ್ಲಿ ಕೆಲಸಕ್ಕಿದ್ದಾಗ ಕಲಿತದ್ದು.

ಗುಂಡ್ಲುಪೇಟೆಯ ನಮ್ಮ ಶೆಡ್ಡಿಗೆ ಹಂಗಳದಾಚೆಯ ರೆಸಾರ್ಟಿನ ಮ್ಯಾನೇಜರು ಒಂದು ಕಿಟಕಿ ಮಾಡಿಸಲು ಬಂದವರು, ಆ ಕುರ್ಚಿ ಕಂಡು ಕೂತೇಬಿಟ್ಟರು. "ನಮಗೆ ಇದೇ ಬೇಕು," ಅಂದರು. ಈ ಮಾದರಿಯಲ್ಲಿ ಮಾಡಿದ್ದೆಲ್ಲ ರೆಸಾರ್ಟಿಗೇ ಸೇರತಕ್ಕದ್ದು ಎಂಬ ಕಾಗದಕ್ಕೆ, ಕೆಲಸ ಸಿಕ್ಕಿತಲ್ಲ ಎಂಬ ಹಿಗ್ಗಿನಲ್ಲಿ, ಸಹಿ ಹಾಕಿಬಿಟ್ಟೆ. ಸ್ಯಾಂಪಲ್ ಅಂತ ಅವ್ವನ ಕುರ್ಚಿಯೂ ವ್ಯಾನ್ ಹತ್ತಿತು.

ಅಂದಿನಿಂದ ನಾನು ಮಾಡುತ್ತಿರುವುದು ಅದೊಂದೇ ಕುರ್ಚಿ. ಕಾಲಂಗುಲ ಎತ್ತರಿಸುವಂತಿಲ್ಲ, ತಗ್ಗಿಸುವಂತಿಲ್ಲ. ಉದ್ದ ಕಾಲಿನ ಅತಿಥಿಗಳು ಅವ್ವನ ಅಳತೆಯಲ್ಲಿ ಮುದುರಿ ಕೂರುತ್ತಾರೆ. ಅವ್ವ ಮಾತ್ರ ಶೆಡ್ಡಿನ ದಿಮ್ಮಿಯ ಮೇಲೆ. ಅವಳಿಗೆಂದು ಒಂದು ಎತ್ತಿಟ್ಟರೆ, ಆರ್ಡರಿಗೆ ಒಂದು ಕಮ್ಮಿ ಬಂತೆಂದು ಅದೂ ಹೋಗುತ್ತಿತ್ತು.

"ನನ್ ಕುರ್ಚಿ ಯಾವತ್ಲಾ ಬತ್ತದೆ?"

"ಈ ಲೋಡ್ ಒಂದು ಓಗ್ಬುಡ್ಲಿ ಕಣವ್ವ."

"ಅಷ್ಟೊತ್ಗೆ ನಾನೇ ಲೋಡಾಗಿ ಓಗಿರ್ತೀನಿ ಬುಡು."

ಕೊನೆಗೊಂದು ಉಪಾಯ ಹೂಡಿದೆ. ಕಣ್ಣಿಗೆ ಹೊಡೆಯುವಂಥ ಕಪ್ಪು ಗಂಟಿದ್ದ ತೇಗದ ಹಲಗೆಯನ್ನೇ ಹುಡುಕಿ ಒಂದು ಕುರ್ಚಿಯ ಕೈಗೆ ಹಾಕಿದೆ. ಅವರು ಬೇಡವೆನ್ನಲಿ, ಅವ್ವನಿಗೆ ಉಳಿಯಲಿ ಅಂತ. ಮ್ಯಾನೇಜರು ಬಂದು ಆ ಗಂಟನ್ನು ಬೆರಳಲ್ಲಿ ಸವರಿದರು.

"ಎಷ್ಟು ನ್ಯಾಚುರಲ್ ಆಗಿದೆ! ಇನ್ಮೇಲೆ ಎಲ್ಲದಕ್ಕೂ ಇಂಥ ಗಂಟೇ ಇರಲಿ."

ಅವರು ಹೋದಮೇಲೆ ತಲೆ ಮೇಲೆ ಕೈ ಹೊತ್ತು ಕೂತೆ. ಅವ್ವ ಮಾತ್ರ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. "ಇನ್ಮ್ಯಾಕೆ ಗಂಟಿಲ್ದಿರೋದ್ ಮಾಡ್ಲಾ ಮಗ. ಅದ್ನ ಮುಟ್ಟಾಕಿಲ್ಲ ಅವ್ರು."

ಮಾಡಿದೆ. ನುಣ್ಣನೆಯ, ಒಂದು ಚುಕ್ಕೆಯೂ ಇಲ್ಲದ ಹಲಗೆ. ಆದರೂ ಕಾಗದದಲ್ಲಿ ನನ್ನ ಸಹಿ ಇದೆಯಲ್ಲ. ಅವರ ಮನಸ್ಸು ಯಾವಾಗ ತಿರುಗೀತೋ. ರಸ್ತೆಯಲ್ಲಿ ವ್ಯಾನಿನ ಸದ್ದು ಕೇಳಿದರೆ ಸಾಕು, ಅವ್ವ ಕುರ್ಚಿಯ ಕೈಯೂರಿ ಎದ್ದು, ತಂತಿಯಲ್ಲಿ ಒಣಗುವ ಸೀರೆಯನ್ನು ಎಳೆದು ಅದಕ್ಕೆ ಹೊದಿಸುತ್ತಾಳೆ. ಆಮೇಲೆ ವ್ಯಾನು ತುಂಬಿ ಹೊರಡುವ ತನಕ, ಮಂಡಿ ನೀವಿಕೊಳ್ಳುತ್ತ, ಅದರ ಪಕ್ಕದಲ್ಲೇ ನಿಂತಿರುತ್ತಾಳೆ.