ಕೊನೆಯ ಅಧ್ಯಾಯದ ಬಗ್ಗೆ ನಾನಾಡಿದ ಮಾತು

ಮೂರು ವರ್ಷಗಳ ಹಿಂದೆ ನಾನು ಜಗಳೂರಿನಿಂದ ಚನ್ನಗಿರಿಗೆ ಬಂದು, ಒಂದು ಟ್ರಸ್ಟ್ ನಡೆಸುವ ಸಣ್ಣ ಗ್ರಂಥಾಲಯದಲ್ಲಿ ಗ್ರಂಥಪಾಲಕಿಯಾದೆ. ಬಾಗಿಲು ತೆಗೆಯುವುದು, ಪೇಪರು ಜೋಡಿಸುವುದು, ನೀರಿನ ಕ್ಯಾನ್ ತರಿಸುವುದು, ಇಷ್ಟರಲ್ಲೇ ಬೆಳಿಗ್ಗೆ ಕಳೆಯುತ್ತಿತ್ತು. ಬರುವವರಲ್ಲಿ ಹೆಚ್ಚಿನವರು ಪಿಡಿಒ, ಎಫ್‌ಡಿಎ ಪರೀಕ್ಷೆಗಳಿಗೆ ಓದುವವರು. ಅವರು ಕಾದಂಬರಿಯ ಕಪಾಟಿಗೆ ಬೆನ್ನು ಮಾಡಿಯೇ ಕೂರುತ್ತಿದ್ದರು.

ತಿಂಗಳಿಗೊಂದು ಭಾನುವಾರ ಓದುಗರ ಸಭೆ. ಯಾರೂ ಮುಟ್ಟದ ಒಂದು ಪುಸ್ತಕವನ್ನು ನಾನು ಪರಿಚಯಿಸಬೇಕು. ಹಾಗೆ ಹುಡುಕುವಾಗ ಸಿಕ್ಕಿದ್ದು ‘ಸಾವಿರ ಕೋಣೆಗಳ ಪರೀಕ್ಷೆ’ ಎಂಬ ಕಾದಂಬರಿ. ಲೇಖಕರದ್ದು ಕೇಳರಿಯದ ಕಾವ್ಯನಾಮ. ಹಳೆಯ ಚೀನಾದ ಚಕ್ರವರ್ತಿಗಳು ಅಧಿಕಾರಿಗಳನ್ನು ಆರಿಸಲು ಪರೀಕ್ಷೆ ನಡೆಸುತ್ತಿದ್ದರು. ಅಭ್ಯರ್ಥಿಗಳನ್ನು ಗೂಡಿನಂಥ ಕೋಣೆಗಳಲ್ಲಿ ದಿನಗಟ್ಟಲೆ ಕೂಡಿಹಾಕುತ್ತಿದ್ದರು. ಆ ಚರಿತ್ರೆಯ ಮೇಲೆ ಕಟ್ಟಿದ ಮಾಯಾಲೋಕ ಇದು. ಸತ್ತ ಅಣ್ಣನ ಹೆಸರಿನಲ್ಲಿ, ಗಂಡುವೇಷದಲ್ಲಿ ಹುಡುಗಿಯೊಬ್ಬಳು ಪರೀಕ್ಷೆಗೆ ಕೂರುತ್ತಾಳೆ. ಹಿಂದೆ ಅಲ್ಲೇ ಫೇಲಾಗಿ ಸತ್ತವರ ಪ್ರೇತಗಳು ಗೋಡೆಯೊಳಗಿಂದ ಉತ್ತರ ಹೇಳಿಕೊಡುತ್ತವೆ. ಒಂದು ಉತ್ತರಕ್ಕೆ ಅವಳ ಒಂದು ನೆನಪನ್ನು ಕಿತ್ತುಕೊಳ್ಳುತ್ತವೆ.

ಸಭೆಯಲ್ಲಿ ಕಥೆ ಹೇಳುತ್ತಿದ್ದಂತೆ ಪರೀಕ್ಷೆಯ ಮಕ್ಕಳೂ ಪೆನ್ನು ಕೆಳಗಿಟ್ಟರು. ಬರೀ ಹೊಗಳಿದರೆ ಚೆನ್ನಾಗಿರುವುದಿಲ್ಲ ಎಂದು ಕೊನೆಗೆ ಸೇರಿಸಿದೆ: “ಆದರೆ ಕೊನೆಯ ಅಧ್ಯಾಯ ಸುಳ್ಳು. ಅವಳನ್ನು ಸುಮ್ಮನೆ ಪಾಸು ಮಾಡಿಸಿದಾರೆ. ಈ ಪುಣ್ಯಾತ್ಮರು ಜೀವನದಲ್ಲಿ ಒಂದು ಪರೀಕ್ಷೆಯಲ್ಲೂ ಫೇಲಾಗಿಲ್ಲ ಅಂತ ಕಾಣುತ್ತೆ.”

ಎಲ್ಲರೂ ನಕ್ಕರು. ನನಗೂ ಹಿತವಾಯಿತು. ಎದುರಿನ ಜೆರಾಕ್ಸ್ ಅಂಗಡಿಯ ಮಂಜಣ್ಣ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ತಂದು ಬಾಗಿಲಲ್ಲಿ ನಿಂತಿದ್ದರು. ಅವರು ಮಾತ್ರ ನಗದೆ, ಕಟ್ಟನ್ನು ಮೇಜಿನ ಮೇಲಿಟ್ಟು ಹೋದರು.

ಇದ್ದದ್ದು ಒಂದೇ ಪ್ರತಿ, ಕೇಳಿದವರು ಹಲವರು. ಕಾಯುವವರಿಗಾಗಿ ಮೊದಲ ಅಧ್ಯಾಯವನ್ನು ಜೆರಾಕ್ಸ್ ಮಾಡಿಸೋಣವೆಂದು ಮರುದಿನ ಅವರ ಅಂಗಡಿಗೆ ಹೋದೆ.

“ಮೆಷಿನ್ ಕೆಟ್ಟೈತ್ರೀ ಮೇಡಂ.”

ಅವರ ಹಿಂದೆ ಮೆಷಿನ್ ಯಾರದೋ ಹಾಲ್‌ಟಿಕೆಟ್ ಉಗುಳುತ್ತಿತ್ತು.

“ಓಡ್ತಾ ಐತಲ್ರೀ ಮಂಜಣ್ಣ.”

“ಬ್ಯಾರೆದಕ್ಕೆ ಓಡ್ತೈತೆ.”

ಹಾಲ್‌ಟಿಕೆಟ್ಟಿಗೆ ನಿಂತಿದ್ದ ನಮ್ಮ ಗ್ರಂಥಾಲಯಕ್ಕೆ ಓದಲು ಬರುವ ಕಾವ್ಯ, “ಮೆಷಿನ್ನಿಗೂ ಚೀನಾ ಆಗಿಬರಲ್ವೇನಣ್ಣಾ?” ಎಂದು ಕಿಚಾಯಿಸಿ ಹೊರಟಳು. ಅವಳು ರಸ್ತೆ ದಾಟಿದ ಮೇಲೆ ಮಂಜಣ್ಣ ಪುಸ್ತಕವನ್ನು ನನ್ನ ಕಡೆ ಸರಿಸಿದರು.

“ಇದನ್ನ ಕಪಾಟಿಂದ ತೆಗೆದುಬಿಡ್ರಿ. ಬರೆದೋನೇ ಕೇಳ್ತಾ ಇದೀನಿ.”

ನಾನು ಹೊದಿಕೆಯ ಮೇಲಿನ ಕಾವ್ಯನಾಮವನ್ನೂ ಅವರ ಮುಖವನ್ನೂ ನೋಡಿದೆ.

“ವಯಸ್ಸು ಮೀರೋ ತನಕ ಎಫ್‌ಡಿಎ ಬರೆದೆ ಮೇಡಂ. ಒಂದ್ಸಲಾನೂ ಆಗಲಿಲ್ಲ. ಕತೆಯಾಗಿನ ಆ ಹುಡುಗೀನೂ ಫೇಲ್ ಮಾಡಾಕೆ ಕೈ ಬರಲಿಲ್ಲ. ಪುಸ್ತಕ ನಂದು ಅಂತ ಮನೆಯಾಗೂ ಗೊತ್ತಿಲ್ಲ. ನಿನ್ನೆ ಆ ನಗು ಕೇಳಿ, ಗೊತ್ತಾಗದೇ ಇದ್ದಿದ್ದೇ ಒಳ್ಳೇದಾತು ಅನ್ಸ್ತು.”

ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಪುಸ್ತಕ ಎತ್ತಿಕೊಂಡು, “ಇನ್ನೊಂದು ಸಭೆವರೆಗೆ ಇರಲಿ” ಎಂದು ಬೇಡಿಕೊಂಡೆ.

“ಹೆಸರು ಎತ್ತಬಾರದು.”

“ಎತ್ತಲ್ಲ.”

ಆ ರಾತ್ರಿ ಕೊನೆಯ ಅಧ್ಯಾಯವನ್ನು ಮತ್ತೆ ಓದಿದೆ. ನೆನಪುಗಳನ್ನು ತೆತ್ತು ಪಾಸಾದ ಹುಡುಗಿ ಮೆರವಣಿಗೆಯಲ್ಲಿ ಊರಿಗೆ ಬರುತ್ತಾಳೆ. ಬಾಗಿಲಲ್ಲಿ ನಿಂತ ತಾಯಿಯ ಗುರುತು ಹತ್ತದೆ, ಯಾರೋ ಹಿರಿಯರೆಂದು ಕೈಮುಗಿದು ಮುಂದೆ ಹೋಗುತ್ತಾಳೆ. ಭಾನುವಾರದೊಳಗೆ ಮುಗಿಸುವ ಅವಸರದಲ್ಲಿ ಆ ಪುಟದ ಮೇಲೆ ನಾನು ಬರೀ ಕಣ್ಣಾಡಿಸಿದ್ದೆ. ಆಮೇಲೆ ತಿಂಗಳಿಡೀ, ಎದುರಿನ ಶಟರ್ ಎತ್ತಿದ ಸದ್ದಾದರೆ ನಾನು ಕಿಟಕಿಯಿಂದ ಸರಿದು ನಿಲ್ಲುತ್ತಿದ್ದೆ.

ಮುಂದಿನ ಸಭೆಯಲ್ಲಿ ಆ ಪುಟವನ್ನು ಗಟ್ಟಿಯಾಗಿ ಓದಿ, “ಹೋದ ಸಲ ನಾನು ಹೇಳಿದ್ದು ತಪ್ಪು. ಸರಿಯಾಗಿ ಓದದೆ ಮಾತಾಡಿದ್ದೆ” ಎಂದೆ. ಯಾರೂ ನಗಲಿಲ್ಲ. ಕಾವ್ಯ ಎದ್ದು ಕೇಳಿದಳು: “ಬರೆದೋರು ಇನ್ನೂ ಇದಾರಾ ಮೇಡಂ?”

“ಗೊತ್ತಿಲ್ಲಮ್ಮ” ಎಂದೆ. ಪುಸ್ತಕವನ್ನು ಅವಳೇ ಒಯ್ದಳು.

ಮಂಜಣ್ಣ ಅವತ್ತು ಅಂಗಡಿ ತೆಗೆದಿರಲಿಲ್ಲ. ಮರುದಿನ ಹೋಗಿ ನಡೆದದ್ದನ್ನು ಹೇಳಿದಾಗ ತಲೆ ಎತ್ತದೆ, “ಇರಲಿ ಬಿಡ್ರಿ, ಓದೋರು ಓದ್ಲಿ” ಎಂದರು. ಪುಸ್ತಕ ಉಳಿಯಿತು. ಓದಿದ್ದನ್ನಷ್ಟೇ ಹೇಳಬೇಕು, ಬರೆದವರ ಬದುಕನ್ನು ಊಹಿಸಿ ಜನರನ್ನು ನಗಿಸಬಾರದು ಎಂದು ಈ ಕೆಲಸ ನನಗೆ ಕಲಿಸಿತು. ಆದರೆ ನಾನು ತಿದ್ದಿಕೊಂಡ ಮಾತನ್ನು ಮಂಜಣ್ಣ ಕೇಳಿದ್ದು ಮರುದಿನ, ನಾನು ಒಪ್ಪಿಸಿದ ವರದಿಯಲ್ಲಷ್ಟೇ. ಆ ನಗುವನ್ನು ಮಾತ್ರ ಅವರು ಬಾಗಿಲಲ್ಲಿ ನಿಂತು, ತಮ್ಮ ಕಿವಿಯಾರೆ ಕೇಳಿದ್ದರು.