ಮೂರು ಬಡಿತ, ಆಮೇಲೆ ಒಂದು

ದೆವ್ವ, ಭೂತ ಅಂತ ಬಾಯಿ ತೆರೆದವರನ್ನು ಮುಖಕ್ಕೆ ಹೊಡೆದಂತೆ ಮಾತಾಡಿ ಕಳಿಸುತ್ತಿದ್ದವಳು ನಾನು. ಚಿನ್ನದ ಗಣಿಯಲ್ಲಿ ಸತ್ತವರ ಕಥೆ ಹೇಳುವ, ನಮ್ಮ ಉರಿಗಾಂ ಕಾರ್ಮಿಕರ ಲೈನಿನ ಹೆಂಗಸರಿಗೆ ನಾನೆಂದರೆ ಅಷ್ಟಕ್ಕಷ್ಟೆ. ಅಂಥವಳು ಇದನ್ನು ಬರೆಯುತ್ತಿದ್ದೇನೆ. ನಗು ಬಂದರೆ ನಕ್ಕುಬಿಡಿ.

ನಾಲ್ಕು ವರ್ಷದ ಹಿಂದಿನ ಮಾತು. ರೈಲಿನಲ್ಲಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಓಡಾಡುತ್ತ ಸಂಶೋಧನೆ ಮಾಡುತ್ತಿದ್ದೆ. ಆಕಾಶದಾಚೆಯಿಂದ ಬರುವ ವಿಶ್ವಕಿರಣ ಗಾಳಿಗೆ ಬಡಿದು ಕಣಗಳ ಮಳೆಯಾಗುತ್ತದೆ. ಆ ಮಳೆ ಧ್ರುವದ ಹಿಮದೊಳಗೆ ನುಗ್ಗಿದರೆ ಕ್ಷಣಮಾತ್ರದ ರೇಡಿಯೋ ಅಲೆ ಹುಟ್ಟುತ್ತದೆ. ಅದು ಹೇಗಿರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಹಿಮವೂ ಇಲ್ಲ, ಆಂಟೆನಾವೂ ಇಲ್ಲ, ಬರೀ ಲೆಕ್ಕ. ಬೇಜಾರಾದಾಗ ಫಲಿತಾಂಶವನ್ನು ಕಿವಿಗೆ ಕೇಳುವ ಶಬ್ದವಾಗಿ ಬದಲಿಸಿ ಹಾಕಿಕೊಳ್ಳುತ್ತಿದ್ದೆ. ಸಲಕ್ಕೆ ಒಂದೇ 'ಟಕ್'.

ಒಂದು ಮಧ್ಯಾಹ್ನ ಮನೆಯಲ್ಲಿ ಹಾಗೆ ಹಾಕಿಕೊಂಡಾಗ ಲ್ಯಾಪ್‌ಟಾಪ್ 'ಟಕ್ ಟಕ್ ಟಕ್' ಅಂತು. ಸ್ವಲ್ಪ ಬಿಟ್ಟು ಇನ್ನೊಂದು.

ಮಂಚದ ಮೇಲಿದ್ದ ಅಪ್ಪ ದಡಕ್ಕನೆ ಎದ್ದು ಕೂತರು. ಗಣಿ ದೂಳು ತಿಂದ ಎದೆ, ಮಗ್ಗುಲು ಬದಲಿಸಲೂ ಆಗದ ಮನುಷ್ಯ. ಗಣಿ ಬಾಯಲ್ಲಿ ನಿಂತು, ಕೆಳಗಿನವರು ಬಾರಿಸುವ ಗಂಟೆ ಕಾಯುವುದು ಅವರ ಕೆಲಸವಾಗಿತ್ತು. ಕೆಳಗಿನಿಂದ ಮೂರು ಬಡಿತ ಬಂದರೆ ಆಳುಗಳು ಕೇಜು, ಅಂದರೆ ಗಣಿಯ ಲಿಫ್ಟು, ಹತ್ತಿದ್ದಾರೆ ಅಂತ. ಆಮೇಲೆ ಒಂದು ಬಂದರೆ ಮೇಲೆತ್ತು ಅಂತ. ಮೇಲಿನವನು ಅದನ್ನೇ ತಿರುಗಿ ಹೊಡೆದರೆ ಮಾತ್ರ ಕೇಜು ಏಳುತ್ತದೆ.

"ಮುನಿಯಪ್ಪ ಕಣಮ್ಮಣ್ಣಿ! ಮ್ಯಾಕೆ ಎಳಿ ಅಂತಾವ್ನೆ. ಬಿರ್ನೆ ತಿರುಗಿ ಒಡಿ!"

ಮುನಿಯಪ್ಪ ಅವರ ಜೊತೆಗಾರ. ಒಳಗೆ ಬಂಡೆ ಸಿಡಿದ ದಿನ ಅವನ ಗಂಟೆ ಬಂದಿತ್ತಂತೆ. ಹಗ್ಗ ತಡೆಯಲ್ಲ, ಎತ್ತೋಕಾಗಲ್ಲ ಅಂದರಂತೆ ಪಕ್ಕದವರು. ಅಪ್ಪ ತಿರುಗಿ ಹೊಡೆಯಲಿಲ್ಲ. ಹೆಣವೂ ಸಿಗಲಿಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಆವತ್ತೇ ಹೇಳಿದ್ದು.

"ಅಪ್ಪಾ, ಇದು ಬರೀ ಲೆಕ್ಕ. ತಿರುಗಿ ಹೊಡೆಯೋಕೆ ಆಗಲ್ಲ" ಅಂದೆ.

"ಆವತ್ತು ನನ್ಗೂ ಇಂಗೇ ಅಂದ್ರು" ಅಂತ ಮಗುವಿನ ಹಾಗೆ ಅತ್ತರು.

ಅದೇ ಲೆಕ್ಕವನ್ನು ಮತ್ತೆ ಓಡಿಸಿದೆ. ಅವೇ ಸಂಖ್ಯೆ ಕೊಟ್ಟರೆ ಅದೇ ಉತ್ತರ ಬರಲೇಬೇಕು, ತಪ್ಪುವ ಹಾಗೇ ಇಲ್ಲ. ಬಂದದ್ದು ಒಂದೇ 'ಟಕ್'. ಮೊದಲ ಸಲದ ಶಬ್ದ ಕಂಪ್ಯೂಟರಿನಲ್ಲೇ ಉಳಿದಿತ್ತು. ತೆಗೆದು ನೋಡಿದರೆ ಅದರಲ್ಲೂ ಒಂದೇ. ದೇವರಾಣೆ, ನಾಲ್ಕನ್ನು ಇಬ್ಬರೂ ಕೇಳಿದ್ದೆವು. ಎಲ್ಲಿಂದ ಬಂತೋ ಇವತ್ತಿಗೂ ನನಗೆ ಗೊತ್ತಿಲ್ಲ.

ಆಮೇಲೆ ಅಪ್ಪ ಹತ್ತು ದಿನ ಇದ್ದರು. ನಾನು ಲ್ಯಾಪ್‌ಟಾಪ್ ತೆರೆದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: "ಬಂದ್ನಾ ಮ್ಯಾಕೆ?" ಕೊನೆಯ ದಿನವೂ ಕೇಳಿದರು. ಬಂದ ಅಪ್ಪಾ ಅಂತ ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಅಯ್ಯೋ, ಯಾಕೆ ಹೇಳಲಿಲ್ಲವೋ.