ವಿಮಾನದ ಬಾಗಿಲಲ್ಲಿ ನಿಲ್ಲುತ್ತಿದ್ದವರ ಮನೆಗೆ

ಬ್ರಹ್ಮಾವರದಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆವು. ಫೆಬ್ರವರಿ ತಿಂಗಳು. ಬೆಳಗಿನ ತಂಪು ಇನ್ನೂ ಉಳಿದಿತ್ತು, ಆದರೂ ಹತ್ತು ಗಂಟೆಯ ಬಿಸಿಲಿಗೆಂದು ಅತ್ತೆ ಕೊಡೆ ಕೊಟ್ಟಿದ್ದರು. ಹೊರಟವರು ನಾನು ಮತ್ತು ನನ್ನ ಗಂಡ, ಇಬ್ಬರೇ. ನಮ್ಮ ಕಡೆಯ ರೂಢಿಯಂತೆ ಗಂಡನ ಹೆಸರು ಬರೆಯದೆ 'ಇವರು' ಎಂದೇ ಬರೆಯುತ್ತೇನೆ.

ಇವರು ಸೈನ್ಯದಲ್ಲಿ ಡಾಕ್ಟರು. ಆಸ್ಪತ್ರೆಯಲ್ಲಿ ಕೂತು ರೋಗಿಗಳಿಗೆ ಕಾಯುವ ಡಾಕ್ಟರಲ್ಲ. ರಸ್ತೆಯಿಲ್ಲದ, ಹೆಲಿಕಾಪ್ಟರ್ ಇಳಿಯಲಾಗದ ಕಡೆ ಸೈನಿಕರು ಗಾಯಗೊಂಡು ಬಿದ್ದಿದ್ದರೆ, ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಅಲ್ಲಿಗೆ ಹಾರುವ ಪಡೆಯವರು. ಆ ಪಡೆಗೆ ಯಾರನ್ನೂ ಬಲವಂತದಿಂದ ಸೇರಿಸುವುದಿಲ್ಲ. ಹಾರುತ್ತೇನೆಂದು ತಾವಾಗಿ ಬರೆದುಕೊಟ್ಟವರು ಮಾತ್ರ ಹಾರುತ್ತಾರೆ. ಇವರ ಅವಧಿ ಮುಗಿಯುತ್ತ ಬಂದಿತ್ತು. ಮತ್ತೆ ಬರೆದುಕೊಟ್ಟರೆ ಇನ್ನೂ ಮೂರು ವರ್ಷ, ಇಲ್ಲವಾದರೆ ಸೈನ್ಯ ಬಿಟ್ಟು ಊರಿಗೆ. ಬ್ರಹ್ಮಾವರದಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ಮಾವ ಆಗಲೇ ಔಷಧಾಲಯಕ್ಕೆಂದು ಕೋಣೆಯೊಂದನ್ನು ಗೊತ್ತುಮಾಡಿ ಸುಣ್ಣ ಹೊಡೆಸಿದ್ದರು.

ನನಗೂ ಬೇಕಾಗಿದ್ದದ್ದು ಆ ಕೋಣೆಯೇ. ಮದುವೆಯಾಗಿ ಒಂದು ವರ್ಷವಾಗಿತ್ತು. ಒಟ್ಟಿಗೆ ಇದ್ದದ್ದು ಎರಡು ರಜೆಗಳಷ್ಟು. ಮತ್ತೆ ಹಾರುವುದು ಬೇಡವೆಂದು ನಾನು ಎಷ್ಟೋ ಸಲ, ಒಂದೊಂದೇ ಕಾರಣ ಕೊಟ್ಟು, ಹೇಳಿದ್ದೆ. ಇವರು ಪೂರ್ತಿ ಕೇಳಿಸಿಕೊಂಡು "ಕಾಂಬ", ನೋಡೋಣ, ಎನ್ನುತ್ತಿದ್ದರು. ಕೊನೆಗೆ ಒಂದು ದಿನ, "ಬೈಂದೂರಿಗ್ ಹೋಯಿ ಶೀನಣ್ಣನ್ನ ಒಂದ್ಸಲ ಕೇಂಡ್ಕಂಡ್ ಬಪ್ಪ" ಎಂದರು.

ಶೀನಣ್ಣ ಇವರ ಜೊತೆ ವಿಮಾನದಲ್ಲಿದ್ದವರು, ಕಾಲು ಮುರಿದು ಪಿಂಚಣಿ ಪಡೆದು ಊರು ಸೇರಿದವರು. ನಾನು ಅವರನ್ನು ಕಂಡಿರಲಿಲ್ಲ. ನಮ್ಮಿಬ್ಬರ ಸಂಸಾರದ ಪ್ರಶ್ನೆಗೆ ಉತ್ತರ ಮೂರನೆಯವರ ಮನೆಯಲ್ಲಿ ಇದೆಯೆಂದು ತಿಳಿದ ದಿನದಿಂದಲೇ ಆ ಹೆಸರು ನನಗೆ ಸೇರುತ್ತಿರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಇವರ ಗುರುತು ಹಿಡಿದ. "ಹ್ವಾಯ್ ಡಾಕ್ಟ್ರೇ, ನಮ್ಮ ಬಸ್ಸಂಗೆ ಮಾತ್ರ ನಿಲ್ಸಿದ್ ಮೇಲೇ ಇಳೀಕ್ ಮರ್ರೆ!" ಎಂದು ಕೂಗಿದ. ಬಸ್ಸೆಲ್ಲ ನಕ್ಕಿತು. ಹಿಂದಿನ ಸೀಟಿನ ಮುದುಕರೊಬ್ಬರು ಕುತ್ತಿಗೆ ಮುಂದೆ ಚಾಚಿ, ಆ ಹಿಮದ ಗುಡ್ಡದಲ್ಲಿ ಎಷ್ಟು ಜನರನ್ನು ಉಳಿಸಿದಿರಿ ಎಂದು ಕೇಳಿದರು. ಹಿಮದ ಗುಡ್ಡದ ವಿಷಯ ಆ ಮುದುಕರಿಗೂ ಗೊತ್ತಿತ್ತು! ನಾನು ಕೇಳಿದಾಗ ನನಗೆ ಸಿಕ್ಕಿದ ಉತ್ತರ "ಚಳಿ ಜಾಸ್ತಿ ಇದ್ದಿತ್" ಎಂಬುದೊಂದೇ. ಸಾಲಿಗ್ರಾಮ, ಕೋಟ, ಕೋಟೇಶ್ವರ ದಾಟುವವರೆಗೂ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ. ಗದ್ದೆಗಳಲ್ಲಿ ಉದ್ದಿನ ಬೆಳೆ ಹಸಿರಾಗಿತ್ತು.

ಕುಂದಾಪುರದಲ್ಲಿ ಗೋಳಿಬಜೆ ತಿಂದು ಕಾಫಿ ಕುಡಿದು ದೋಣಿಯ ಕಡವಿಗೆ ನಡೆದೆವು. ರಸ್ತೆಯಲ್ಲೇ ಹೋಗಬಹುದಿತ್ತು, ಆದರೆ ಗಂಗೊಳ್ಳಿಗೆ ದೋಣಿಯಲ್ಲಿ ದಾಟಿ ಅಲ್ಲಿಂದ ಬಸ್ಸು ಹಿಡಿಯೋಣವೆಂದು ಇವರಿಗೆ ಆಸೆ. ದೋಣಿಯಲ್ಲಿ ಖಾಲಿ ಬುಟ್ಟಿಗಳ ಮೀನಿನ ಹೆಂಗಸರು ಏಳೆಂಟು ಮಂದಿ, ಒಂದು ಸೈಕಲ್ಲು, ನಾವು. ಹೊಳೆಯ ಬಾಯಿಂದ ಗಾಳಿ ಬೀಸುತ್ತಿತ್ತು. ದೋಣಿ ಕಟ್ಟುವ ಗಂಗೊಳ್ಳಿಯ ಧಕ್ಕೆ ಇನ್ನೂ ಎರಡು ಮಾರು ದೂರ ಇರುವಾಗ ಇವರು ಎದ್ದು ದೋಣಿಯ ಅಂಚಿನಲ್ಲಿ ನಿಂತರು. ದೋಣಿಯವ ಹಗ್ಗ ಎಸೆಯಲು ಬಂದು, ಸ್ವಲ್ಪ ಸರಿಯಿರಿ ಎನ್ನುವಂತೆ ಹಿಂದಿನಿಂದ ಇವರ ಭುಜದ ಮೇಲೆ ತಟ್ಟಿದ.

ಇವರು ಹೊರಗೆ ಹಾರಿದರು.

ಜಾರಲಿಲ್ಲ, ಮುಗ್ಗರಿಸಲಿಲ್ಲ. ಕಾಲು ಜೋಡಿಸಿ, ಮೊಣಕೈ ಪಕ್ಕೆಗೆ ಒತ್ತಿ, ಗಲ್ಲ ಎದೆಗೆ ತಗ್ಗಿಸಿ, ನೆಟ್ಟಗೆ ನೀರಿಗೆ ಇಳಿದರು. ಸೊಂಟದ ಮಟ್ಟದ ನೀರು, ಕೆಳಗೆ ಕೆಸರು. ದೋಣಿಯಲ್ಲಿದ್ದವರೆಲ್ಲ ಅಂಚಿಗೆ ಬಂದು ಇಣುಕಿದರು. ಆಮೇಲೆ ಒಬ್ಬಾಕೆ, "ಹ್ವಾಯ್, ದೋಣಿ ಕಟ್ಟುವರಿಗೂ ತಡೂಕೆ ಆಯ್ಲಿಲ್ಯಾ?" ಎಂದಳು. ಇನ್ನೊಬ್ಬಳು ನನ್ನ ಕಡೆ ನೋಡಿ, "ಹೆಂಡ್ತಿ ಬೈದಿರ್ಕ್, ಪಾಪ!" ಎಂದಳು. ಬುಟ್ಟಿಗಳು ಉರುಳುವಷ್ಟು ನಗು. ದೋಣಿಯವ ಮಾತ್ರ ಹೆದರಿ, "ನಾ ದೂಡ್ಲಿಲ್ಲೆ, ದೇವ್ರಾಣೆ, ಬರೀ ಮುಟ್ಟದ್ದ್" ಎಂದು ಎಲ್ಲರಿಗೂ ಕೈಮುಗಿಯುತ್ತಿದ್ದ.

ಧಕ್ಕೆಯ ಮೇಲೆ ಪ್ಯಾಂಟು ಹಿಂಡಿಕೊಳ್ಳುತ್ತ ಇವರು ತಾವೂ ನಕ್ಕರು. ವಿಮಾನದ ಬಾಗಿಲಲ್ಲಿ ನಿಂತವನಿಗೆ ಗಾಳಿಯ ಅಬ್ಬರದಲ್ಲಿ ಮಾತು ಕೇಳಿಸುವುದಿಲ್ಲವಂತೆ. ಹಿಂದೆ ನಿಂತವರು ಭುಜಕ್ಕೆ ತಟ್ಟುತ್ತಾರೆ. ತಟ್ಟು ಬಿದ್ದ ಮೇಲೆ ಯೋಚಿಸುವಂತಿಲ್ಲ, ಹಾರಬೇಕು.

"ತಟ್ಟುವವ್ರ್ ಯಾರ್?" ಎಂದೆ.

"ಶೀನಣ್ಣ."

ನಾನು ಕೊಡೆ ಬಿಚ್ಚಿದೆ. ಈ ಒಂದು ವರ್ಷದಲ್ಲಿ ನಾನೂ ಆ ಭುಜವನ್ನು ಮುಟ್ಟಿದ್ದೇನೆ, ಎಬ್ಬಿಸಲು, ಏನನ್ನೋ ತೋರಿಸಲು. "ಹ್ಞಾಂ, ಬತ್ತೆ" ಎನ್ನುತ್ತಾರೆ, ಐದು ನಿಮಿಷ ಬಿಟ್ಟು ಬರುತ್ತಾರೆ. ಗುರುತಿಲ್ಲದ ದೋಣಿಯವನ ಕೈಯಲ್ಲಿ ಶೀನಣ್ಣನ ಕೈ ಕಂಡು ಆ ಮೈ ನೀರಿಗೆ ಹಾರಿತು. ಇದು ಹೊಟ್ಟೆಕಿಚ್ಚೆಂದು ನನಗೆ ಅಲ್ಲಿಯೇ ತಿಳಿದಿತ್ತು. ತಿಳಿದರೆ ಕಡಿಮೆಯಾಗುವ ಸಂಕಟ ಅದಲ್ಲ.

ಗಂಗೊಳ್ಳಿಯಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ಒದ್ದೆ ಬಟ್ಟೆಯವರಿಗೆ ಸೀಟು ಕೊಡಲು ಕಂಡಕ್ಟರ್ ಒಪ್ಪದೆ, ಇವರು ನಿಂತೇ ಬಂದರು. ಮರವಂತೆಯಲ್ಲಿ ಒಂದು ಕಡೆಯ ಸಮುದ್ರ, ಇನ್ನೊಂದು ಕಡೆಯ ಹೊಳೆ ಎರಡರ ಗಾಳಿಗೂ ಬಟ್ಟೆ ಒಣಗಿತು. ಬೈಂದೂರು ತಲುಪಿದಾಗ ಹನ್ನೆರಡು ದಾಟಿತ್ತು. ಸಮುದ್ರದ ಕಡೆ ಹೋಗುವ ದಾರಿಯಲ್ಲಿ ಅರ್ಧ ಮೈಲಿ ನಡೆದರೆ ಶೀನಣ್ಣನ ಮನೆ. ಹಂಚಿನ ಮಾಡು, ಮುಂದೆ ಗೇರುಮರ.

ಶೀನಣ್ಣ ಜಗಲಿಯಲ್ಲೇ ಕೂತಿದ್ದರು. ನಲವತ್ತೈದರ ಮನುಷ್ಯ, ದಪ್ಪ ಮೀಸೆ, ಬಲಗಾಲು ಬಗ್ಗದೆ ಮುಂದಕ್ಕೆ ಚಾಚಿತ್ತು. ಇವರನ್ನು ಕಂಡದ್ದೇ ಗೋಡೆ ಹಿಡಿದು ಎದ್ದರು. ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ನಿಂತರು. ಆಮೇಲೆ ಅವರ ಕಣ್ಣು ಪ್ಯಾಂಟಿನ ಕೆಸರಿನ ಮೇಲೆ ಬಿತ್ತು. ಕಥೆ ಕೇಳಿ ಊರಿಗೆ ಕೇಳಿಸುವಂತೆ ನಕ್ಕರು.

"ಎಂತ ಡಾಕ್ಟ್ರೇ, ನಾ ಇಲ್ದಿದ್ರೆ ಹೊಳಿಗಾ ಹಾರೂದ್? ಬನಿ ಅಮ್ಮಾ, ಕೂಕಣಿ. ಇವ್ರನ್ನ ಬಾಳ ಒಳ್ಳೇದ್ ಮಾಡಿ ಒಣ್ಗ್ಸಿ ತಂದಿದ್ರಿ."

ಊಟ ಚೆನ್ನಾಗಿತ್ತು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಮಾವಿನ ಮಿಡಿ. ಶೀನಣ್ಣನ ತಾಯಿ ಬಡಿಸಿದರು. ಊಟದ ನಡುವೆ ಶೀನಣ್ಣ ಆ ಹಿಮದ ಗುಡ್ಡದ ಕಥೆ ತೆಗೆದರು. ಇವರು "ಸಾಕ್ ಬಿಡಿ" ಎಂದರು. ನಾನು, "ಹೇಳಿ" ಎಂದೆ.

ಗಸ್ತು ಹೋದ ಸೈನಿಕರ ಮೇಲೆ ಹಿಮ ಕುಸಿದಿತ್ತು. ಬದುಕಿದವರು ಆರು ಮಂದಿ, ಮೂವರಿಗೆ ನಡೆಯಲಾಗದು. ಗಾಳಿಗೆ ಹೆಲಿಕಾಪ್ಟರ್ ಹಿಂತಿರುಗಿತ್ತು. ಇವರು ಇಬ್ಬರು ಸಹಾಯಕರೊಂದಿಗೆ ಹಾರಿ ಇಳಿಜಾರಿನಲ್ಲಿ ಇಳಿದರು, ಆದರೆ ಹಿಂದೆ ಎಸೆದ ಔಷಧದ ಗಂಟು ಗಾಳಿಗೆ ಸಿಕ್ಕಿ ಕಣಿವೆಯ ಆಚೆ ಹೋಯಿತು. ವಿಮಾನದಲ್ಲಿ ಇನ್ನೊಂದು ಗಂಟಿತ್ತು. ಅದೂ ಗಾಳಿಪಾಲಾದರೆ?

"ಹಾರ್ಸುದ್ ನನ್ನ ಕೆಲ್ಸ, ಹಾರೂದಲ್ಲ. ಆರೆ ಗಂಟಿಗೆ ಕೈಕಾಲ್ ಇಲ್ಯಲೆ, ದಾರಿ ತೋರ್ಸುಕೆ ಒಬ್ಬ ಬೇಕಲೆ? ಕಟ್ಕಂಡ್ ಹಾರ್ದೆ. ಕಲ್ಲ್ ಬಂಡಿ ಮೇಲೆ ಬಿದ್ದೆ. ಕಾಲ್ ಕಟ್ ಅಂತ್. ಡಾಕ್ಟ್ರ್ ಓಡಿ ಬಂದ್ರ್. ನನ್ನ ಮುಖ ಕಾಂತ್ರ್ ಅಂದ್ಕಂಡ್ರೆ, ಗಂಟ್ ಬಿಚ್ಚ್ಕಂಡ್ ಹೋಯೇ ಬಿಟ್ರ್! ನಾ ಎರ್ಡ್ ಗಂಟೆ ಹೊತ್ತ್ ಹಿಮದಂಗೆ ಮಲ್ಕಂಡ್ ಇವ್ರಿಗೆ ಬೈದದ್ದೇ ಬೈದದ್ದ್."

"ಗಾಯ ಆದವ್ರಿಗ್ ರಕ್ತ ಹೋತಿದ್ದಿತ್. ನಿಮ್ಗೆ ಬಾಯಿ ಗಟ್ಟಿ ಇದ್ದಿತ್" ಎಂದರು ಇವರು.

"ಅವ್ನ್ ಹೇಳೂದ್ರಂಗೆ ಅರ್ಧ ಬಿಡಿ ಮಗಾ" ಎಂದರು ತಾಯಿ ನನಗೆ ಸಾರು ಬಡಿಸುತ್ತ. "ಕಾಲ್ ಮುರ್ದದ್ ಮಾತ್ರ ಸತ್ಯ."

ಒಬ್ಬ ಸೈನಿಕನ ಪಾದಗಳು ಹೆಪ್ಪುಗಟ್ಟಿದ್ದವಂತೆ. ಬೆಂಕಿಯಿಲ್ಲದ ಆ ಜಾಗದಲ್ಲಿ ಇವರು ತಮ್ಮ ಅಂಗಿ ಬಿಚ್ಚಿ ಆ ಎರಡು ಪಾದಗಳನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು, ಮೇಲೆ ಕಂಬಳಿ ಹೊದ್ದು, ಬೆಳಗಾಗುವವರೆಗೆ ಕೂತಿದ್ದರಂತೆ. ಆ ಸೈನಿಕ ಈಗ ನಡೆಯುತ್ತಾನೆ. ಕೇಳಿ ನನ್ನ ಕಣ್ಣು ತುಂಬಿದ್ದು ಹೌದು. ಅದರ ಜೊತೆಗೇ ಆ ಪಾದಗಳ ಮೇಲೂ, ಕಂಬಳಿಯ ಮೇಲೂ, ಅದನ್ನೆಲ್ಲ ಬಳಿಯಲ್ಲಿದ್ದು ನೋಡಿದ ಈ ಮನುಷ್ಯನ ಮೇಲೂ ನನಗೆ ಅಸೂಯೆಯಾದದ್ದೂ ಹೌದು.

ಇವರು ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ನಾನು ಶೀನಣ್ಣನನ್ನು ಕೇಳಿದೆ: "ಇವ್ರಿಗ್ ಹೆದ್ರಿಕೆ ಆತಿರ್ಲಿಲ್ಯಾ?"

ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು. "ನಿಮ್ಗ್ ಗೊತ್ತಿಲ್ಯಾ? ಇವ್ರಷ್ಟ್ ಹೆದ್ರುವವ್ರನ್ನ ನಾ ಕಾಣ್ಲೇ ಇಲ್ಲೆ. ಮುಖದಂಗೆ ಗೊತ್ತಾತಿಲ್ಲೆ. ಹಿಂದ್ ನಿಂತ್ರೆ ಕುತ್ಗಿ ಕಾಂತ್, ಹಗ್ಗದಂಗ್ ಬಿಗೀತ್. ಒಂದ್ಸಲ ಅಲ್ಲ, ಪ್ರತಿ ಸಲ. ಅದ್ ಒಂಚೂರ್ ಸಡ್ಲ ಆಪುವರಿಗೆ ಕಾದ್, ಆಮೇಲ್ ತಟ್ಟೂದ್ ನಾನ್."

ಹೆದರಿ, ಹೆದರಿದ್ದನ್ನು ಯಾರಿಗೂ ತೋರಿಸದೆ, ಮತ್ತೆ ಮತ್ತೆ ಆ ಬಾಗಿಲಿಗೆ ಹೋಗಿ ನಿಂತವರು ನನ್ನ ಗಂಡ. ಅದು ನನಗೆ ಗೊತ್ತಿರಲಿಲ್ಲ. ಇವರಿಗೆ ಭಯವೆಂಬುದೇ ಇಲ್ಲ, ಅದಕ್ಕೇ ನನ್ನ ಭಯವೂ ಅರ್ಥವಾಗುವುದಿಲ್ಲ ಎಂದುಕೊಂಡು ನಾನು ಒಂದು ವರ್ಷ ಕಳೆದಿದ್ದೆ. ಧೈರ್ಯವನ್ನು ಊರಿಗೆಲ್ಲ ಕೊಟ್ಟಿದ್ದರು. ಭಯವನ್ನು ಕೊಟ್ಟದ್ದು ಒಬ್ಬರಿಗೆ, ಆ ಒಬ್ಬರು ನಾನಲ್ಲ.

ಮೂರು ಗಂಟೆಗೆ ಚಾ ಕುಡಿಯುವಾಗ ಇವರು ಬಂದ ವಿಷಯ ತೆಗೆದರು. ಮತ್ತೆ ಬರೆದುಕೊಡಲೋ ಬೇಡವೋ?

ಶೀನಣ್ಣ ಚಾ ಕೆಳಗಿಟ್ಟರು. "ಬಾಗ್ಲಂಗೆ ಈಗ ಯಾರ್ ಇದ್ರ್?"

"ಒಬ್ರ್ ಪಂಜಾಬಿಯವ್ರ್. ಒಳ್ಳೆಯವ್ರ್."

"ಒಳ್ಳೆಯವ್ರೇ ಇರ್ಲಿ. ನಿಮ್ಮ ಕುತ್ಗಿ ಅವ್ರಿಗ್ ಗೊತ್ತಿಲ್ಲೆ." ಅವರ ದನಿಯಲ್ಲಿ ಅದುವರೆಗಿನ ತಮಾಷೆ ಇರಲಿಲ್ಲ. "ನಾ ಇಲ್ದೆ ನೀವ್ ಹಾರುಕಾಗ. ಬರ್ದ್ ಕೊಡ್ಬ್ಯಾಡಿ. ಬ್ರಹ್ಮಾವರದಂಗೆ ಕೂತ್ಕಂಡ್ ಸೂಜಿ ಚುಚ್ಚಿ."

ಇವರು ಒಂದು ಗುಟುಕು ಚಾ ಕುಡಿದು, "ಆಯ್ತ್ ಹಂಗಾರೆ" ಎಂದರು.

ಅಷ್ಟೇ. ನಾನು ತಿಂಗಳುಗಟ್ಟಲೆ ಕಾರಣಗಳನ್ನು ಹೇಳಿ ಪಡೆಯಲಾಗದ್ದು ಒಂದು ಮಾತಿಗೆ ಸಿಕ್ಕಿತು. ಸಂತೋಷಪಡಬೇಕಿತ್ತು. ಆದರೆ ನಾನು ಶೀನಣ್ಣನ ಮುಖವನ್ನು ನೋಡುತ್ತಿದ್ದೆ, ಅಲ್ಲಿ ಇದ್ದದ್ದನ್ನು ಗುರುತಿಸಲು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರಿಗೆ ಇವರ ಪ್ರಾಣದ ಚಿಂತೆಯಿರಲಿಲ್ಲವೆಂದಲ್ಲ. ಅದಕ್ಕಿಂತ ಹೆಚ್ಚಾಗಿ, ತಮ್ಮ ಜಾಗದಲ್ಲಿ ಇನ್ನೊಬ್ಬರ ಕೈ ಇರುವುದು ಅವರಿಗೆ ಸಹಿಸಲಾಗದು. ಇವರು ಮನೆಯಲ್ಲಿ ಉಳಿದರೂ ಉಳಿಯುವುದು ಶೀನಣ್ಣ ಬೇಡವೆಂದದ್ದಕ್ಕೆ. ನಾನು ದಿನವೂ ಊಟಕ್ಕೆ ಬಡಿಸುವ ಗಂಡ ಆ ಮಾತಿನಿಂದ ಸಿಕ್ಕಿದ ಗಂಡನಾಗಿರುತ್ತಾರೆ.

"ಇವ್ರ್ ಹೋತ್ರ್" ಎಂದೆ.

ಮೂವರೂ ನನ್ನ ಕಡೆ ತಿರುಗಿದರು.

"ಬರ್ದ್ ಕೊಡ್ತ್ರ್. ಮೂರ್ ವರ್ಷ ಅಲ್ದಾ, ಹಾರ್ಲಿ."

ಶೀನಣ್ಣ ಮುಂದಕ್ಕೆ ಬಾಗಿದರು. "ಅಮ್ಮಾ, ಬ್ಯಾಡ ಅಂಬುದ್ ನೀವೇ ಅಂದ್ ಡಾಕ್ಟ್ರ್ ಹೇಳಿದ್ರಲೆ?"

"ಬ್ಯಾಡ ಅಂದದ್ದೂ ನಾನೇ. ಹೋಯ್ಲಿ ಅಂಬುದೂ ನಾನೇ."

ತಾಯಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಇವರು ಬಹಳ ಹೊತ್ತು ನನ್ನನ್ನು ನೋಡಿದರು. ಮದುವೆಯಾದ ಮೇಲೆ ಹಾಗೆ ನೋಡಿದ್ದು ಅದೇ ಮೊದಲು.

ಬಸ್ಸಿನವರೆಗೆ ಶೀನಣ್ಣ ಕೋಲೂರಿಕೊಂಡು ಬಂದರು. ಬಸ್ಸು ಹೊರಟಾಗ ನಾನು ಕಿಟಕಿಯಿಂದ ತಿರುಗಿ ನೋಡಿದೆ. ಅವರು ಮೋರಿಯ ಮೇಲೆ ನಿಂತಿದ್ದರು, ಕೈ ಬೀಸಲಿಲ್ಲ. ನೋಡುತ್ತಿದ್ದದ್ದು ಇವರನ್ನಲ್ಲ, ನನ್ನನ್ನು. ಬೆಳಗಿನಿಂದ ನಾನು ಅವರ ಹೆಸರನ್ನು ಹೇಗೆ ಕೇಳುತ್ತಿದ್ದೆನೋ ಹಾಗೆ.

ಹೆಮ್ಮಾಡಿಯ ದಾರಿಯಲ್ಲೇ ಕುಂದಾಪುರಕ್ಕೆ ಬಂದೆವು. ಮತ್ತೆ ದೋಣಿ ಹತ್ತಲು ಇಬ್ಬರಿಗೂ ಮನಸ್ಸಿರಲಿಲ್ಲ. ದಾರಿಯಲ್ಲಿ ಇವರು ಒಮ್ಮೆ, "ಖರೆಯಾ?" ಎಂದರು. ಅಲ್ಲ ಎನ್ನಲು ಪ್ರತಿ ನಿಲ್ದಾಣದಲ್ಲೂ ನನಗೆ ಸಮಯವಿತ್ತು. "ಹೌದ್" ಎಂದೆ. ಕೋಟೇಶ್ವರ ದಾಟಿದ ಮೇಲೆ ಇವರು ತಾವಾಗಿಯೇ, ನನ್ನ ಕಡೆ ನೋಡದೆ, ಮೊದಲ ಸಲ ವಿಮಾನದ ಬಾಗಿಲಲ್ಲಿ ನಿಂತಾಗ ಬಾಯಿ ಹೇಗೆ ಒಣಗಿತ್ತೆಂದು ಹೇಳತೊಡಗಿದರು. ಸಾಲಿಗ್ರಾಮದವರೆಗೂ ಹೇಳಿದರು. ನಾನು ಇವರ ಕಡೆ ತಿರುಗಿ ಕೂತು ಕೇಳಿದೆ.

ಬ್ರಹ್ಮಾವರದಲ್ಲಿ ಬೆಳಕು ಇನ್ನೂ ಇತ್ತು. ಮಾವ ಆ ಹೊಸ ಕೋಣೆಯ ಮೆಟ್ಟಿಲ ಮೇಲೆ ಕೂತು ನಮ್ಮನ್ನೇ ಕಾಯುತ್ತಿದ್ದರು. "ಎಂತ ಅಂದ ಶೀನ?" ಎಂದು ಇವರನ್ನು ಕೇಳಿದರು.

ಇವರು ಬಾಯಿ ತೆರೆಯುವ ಮೊದಲೇ ನಾನು ಮುಂದೆ ಹೋಗಿ, ಕೋಣೆ ಇನ್ನು ಮೂರು ವರ್ಷ ಬೇಡವೆಂದು ಮಾವನಿಗೆ ಹೇಳಿದೆ.